ಬೆಡಗು ಕೇಳಿದ ಹುಡುಗಿ

ದೇವಸಮುದ್ರದ ಬಸ್‌ಸ್ಟ್ಯಾಂಡಿನಲ್ಲಿ ಆ ಹುಡುಗಿ ಓಬಳೇಶನನ್ನು ಕೇಳಿದ್ದು ಇಷ್ಟೇ: "ನಿಮ್ಮದು ಯಾವ ಬೆಡಗು? ಸೋದರಮಾವನ ಊರು ಯಾವುದು?" ಅವನು ಬಾಯಿ ತೆರೆಯುವಷ್ಟರಲ್ಲಿ ಮೊಳಕಾಲ್ಮೂರಿನ ಬಸ್ಸು ಬಂತು. "ಮಧ್ಯಾಹ್ನ ಮನೆಗೇ ಬರ್ತೀನಿ" ಅಂತ ಹತ್ತಿಕೊಂಡು ಹೋದಳು. ಹೆಸರು ದಿವ್ಯಾ. ಮಾನವಶಾಸ್ತ್ರ ಓದುತ್ತಾಳಂತೆ, ಮನುಷ್ಯರು ಹೆಂಗೆ ಬಾಳ್ತಾರೆ ಅಂತ ತಿಳಿಯೋಕೆ ಊರೂರು ಸುತ್ತುತ್ತಾಳಂತೆ.

ಈ ಕಡೆ ಬೆಡಗು, ಅಂದ್ರೆ ಕುಲದೊಳಗಿನ ಬಳಿ, ಕೇಳೋದು ಹೆಣ್ಣು ಕೊಡೋರು, ತರೋರು ಮಾತ್ರ. ಒಂದೇ ಬೆಡಗಿನವರು ಅಣ್ಣತಂಗಿ ಅಲ್ವಾ? ಅದನ್ನು ತಿಳಿಯದೆ ಸಂಬಂಧದ ಮಾತೇ ಎತ್ತೋ ಹಂಗಿಲ್ಲ. ಓಬಳೇಶನಿಗೆ ನಲವತ್ತರ ಹತ್ತಿರ. ಕುರಿ ಇದ್ದವು, ಹೊಲ ಇತ್ತು. "ಇನ್ನರ್ಧ ಮುದ್ದೆ ಹಾಕ್ಲಾ?" ಅಂತ ಕೇಳೋಕೆ ಅವ್ವನ ಬಿಟ್ಟರೆ ಯಾರೂ ಇರಲಿಲ್ಲ. ಇನ್ನೊಂದು ದನಿ ತನ್ನನ್ನು ಏನಾದರೂ ಕೇಳಲಿ ಅಂತ ಅವನ ಜೀವ ಹಂಬಲಿಸುತ್ತಿತ್ತು.

"ಲೇ ಓಬಳೇಶ, ಬೆಡಗು ಯಾರಾದ್ರೂ ಸುಮ್ನೆ ಕೇಳ್ತಾರೇನ್ಲೇ? ಓದಿದ ಹುಡ್ಗಿ, ತನ್ನ ಗಂಡನ್ನ ತಾನೇ ಹುಡುಕ್ತಾವ್ಳೆ!" ಅಂತ ಹೋಟೆಲಿನ ದಾಸಣ್ಣ ಕೂಗಿದ. ಕೂಗಿದ್ದು ಓಬಳೇಶನಿಗೆ, ಕೇಳಿಸಿದ್ದು ಇಡೀ ಊರಿಗೆ.

ಆಮೇಲೆ ಕೇಳಬೇಕಾ? ದಾಸಣ್ಣ ತನ್ನ ಬಿಳಿ ಶರ್ಟು ತಂದು ತೊಡಿಸಿದ. ಉಸಿರು ಎಳೆದರೆ ಗುಂಡಿ ಹಾರುವಷ್ಟು ಬಿಗಿ. ಕ್ಷೌರದಂಗಡಿ ಪಾತಣ್ಣ ತಲೆಗೆ ಬಣ್ಣ ಹಚ್ಚಿದ. ಬಿಸಿಲಿಗೆ ಅದು ಇಳಿದು ಓಬಳೇಶನ ಹಣೆ ಕರ್ರಗಾಯಿತು. ಅವ್ವ ಮಾತ್ರ ಟ್ರಂಕು ತೆಗೆದು, ಸೊಸೆಗೆ ಅಂತ ಎಷ್ಟೋ ವರ್ಷದಿಂದ ಎತ್ತಿಟ್ಟಿದ್ದ ಮೊಳಕಾಲ್ಮೂರು ಸೀರೆಯನ್ನು ಸವರಿ ಮಡಿಲಲ್ಲಿ ಇಟ್ಟುಕೊಂಡಳು.

ದಿವ್ಯಾ ಬಂದಳು. ಏನು ಉಣ್ತೀರಿ, ಕುರಿ ಮೇಯಿಸುವಾಗ ಏನು ಹಾಡ್ತೀರಿ, ಒಬ್ಬರೇ ಇದ್ದಾಗ ಏನು ಯೋಚಿಸ್ತೀರಿ? ಕಣ್ಣಿಟ್ಟು ಕೇಳಿದಳು. ಇಷ್ಟು ಹೊತ್ತು ಯಾರೂ ಯಾವತ್ತೂ ಓಬಳೇಶನನ್ನು ಹೀಗೆ ನೋಡಿರಲಿಲ್ಲ. ಈ ಪ್ರಶ್ನೆಗಳು ಮುಗಿಯದೇ ಇರಲಿ ದೇವರೇ ಅಂದುಕೊಂಡ.

ಅಷ್ಟರಲ್ಲಿ ಪಕ್ಕದ ಮನೆ ಹೊನ್ನಕ್ಕ ಬಟ್ಟಲು ಹಿಡಿದು ನುಗ್ಗಿದಳು. "ಕುಂಬಳಕಾಯಿ ಪಲ್ಯ, ನಮ್ಮನೇದು. ತಿನ್ನವ್ವ. ಇವ್ರ ಬೆಡಗಿಗೆ ಕುಂಬಳಕಾಯಿ ಆಗಲ್ಲ, ಮುಟ್ಟಲ್ಲ ಇವ್ರು."

ದಿವ್ಯಾಳ ಮುಖ ಅರಳಿತು. "ಅಯ್ಯೋ ಅಕ್ಕ, ನಾವೂ ಮುಟ್ಟಲ್ಲ! ನಮ್ದೂ ಅದೇ ಬೆಡಗು!"

ದಾಸಣ್ಣ ಛಾವಣಿ ನೋಡಿದ.

"ನಂಗೆ ಒಡಹುಟ್ಟಿದೋರು ಯಾರೂ ಇಲ್ಲ" ಅಂದಳು ದಿವ್ಯಾ. "ಬರೋ ತಿಂಗ್ಳು ಮದ್ವೆ. ನೀವೇ ಬಂದು ನಿಂತ್ಕೋಬೇಕು, ಅಣ್ಣಾ."

ಅವ್ವ ಮಡಿಲಿನ ಸೀರೆಯನ್ನು ಒಂದು ಗಳಿಗೆ ಎದೆಗೊತ್ತಿಕೊಂಡು ಮಗನ ಕೈಗಿಟ್ಟಳು. "ತಂಗಿ ತವರಿಂದ ಬರಿಗೈಲಿ ಹೋಗಬಾರ್ದು. ಕೊಡಪ್ಪ."

ಓಬಳೇಶ ಕೊಟ್ಟ. ಸೀರೆ ತಗೊಂಡು ಅವಳು ಕಾಲು ಮುಟ್ಟಿದಳು, ಕಣ್ಣು ತುಂಬಿತ್ತು. ಬಾಗಿಲ ತನಕ ಹೋದವಳು ತಿರುಗಿ ನಿಂತಳು.

"ಒಂದು ಪ್ರಶ್ನೆ ಮರ್ತೆ ಅಣ್ಣ. ನೀವ್ಯಾಕೆ ಇನ್ನೂ ಮದ್ವೆ ಆಗಿಲ್ಲ?"

ಓಬಳೇಶ ಹಣೆಯ ಬಣ್ಣ ಒರೆಸಿಕೊಂಡ. "ಈಗ ಒಂಚೂರು ಹೊತ್ತಿನ ಮುಂಚೆ ತಂಕ ಆಗೋ ಹಂಗೇ ಇತ್ತು, ತಂಗೀ."