ಮಾಸ್ಟ್ರನ್ನು ವಿಚಾರಿಸಲು ಬಂದವರು

ಬೆಳ್ಳಾರೆಯ ವಿಜ್ಞಾನದ ಮಾಸ್ಟ್ರು ತಿರುಮಲೇಶ್ವರ ಭಟ್ಟರು ಮಾಡಿದ ತಪ್ಪು ಒಂದೇ. ಗುಟ್ಟನ್ನು ಹೋಟೆಲಿನ ವೆಂಕಪ್ಪನಿಗೆ ಹೇಳಿದರು, ಅದೂ ಅರ್ಧ.

"ನಾಳೆ ಒಬ್ಬರು ನನ್ನ ಬಗ್ಗೆ ವಿಚಾರಿಸ್ಲಿಕ್ಕೆ ಬರ್ತಾರೆ. ಯಾಕೆ ಅಂತ ಕೇಳ್ಬೇಡ. ಇದ್ದದ್ದು ಇದ್ದ ಹಾಗೆ ಹೇಳು, ಸಾಕು."

ವಿಷಯವೇನೆಂದರೆ, ಹೊಸದಾಗಿ ಸ್ವತಂತ್ರವಾದ ಒಂದು ಪುಟ್ಟ ದೇಶಕ್ಕೆ ದೆಹಲಿಯವರು ಭಟ್ಟರನ್ನು ರಾಯಭಾರಿಯಾಗಿ ಕಳಿಸುವ ಯೋಚನೆಯಲ್ಲಿದ್ದರು. ಹಿಂದೆ ಎರಡು ವರ್ಷ ಅಲ್ಲಿದ್ದು, ತೆಂಗಿನ ಚಿಪ್ಪು, ಸೈಕಲ್ ಟ್ಯೂಬುಗಳಲ್ಲೇ ವಿಜ್ಞಾನ ಕಲಿಸಿದ ಭಟ್ಟರನ್ನು ಆ ದೇಶ ಮರೆತಿರಲಿಲ್ಲ. ಆ ಮಕ್ಕಳನ್ನು ಮತ್ತೆ ನೋಡುವ ಆಸೆ ಭಟ್ಟರಿಗೂ ಬೆಟ್ಟದಷ್ಟಿತ್ತು. ಗುಣನಡತೆಯ ವಿಚಾರಣೆಯೊಂದು ಬಾಕಿ.

ಆದರೆ ನಲವತ್ತೆರಡರ ಬ್ರಹ್ಮಚಾರಿಯನ್ನು ವಿಚಾರಿಸಲು ಬರುವವರು ಹೆಣ್ಣಿನ ಕಡೆಯವರಲ್ಲದೆ ಇನ್ಯಾರು ಎಂದು ವೆಂಕಪ್ಪ ಅಂದೇ ಊರಿಗೆಲ್ಲ ಸಾರಿದ. ಮಾಸ್ಟ್ರು ಈವರೆಗೆ ಹದಿನೇಳು ಜಾತಕಗಳಿಂದ ತಪ್ಪಿಸಿಕೊಂಡಿದ್ದರು. ಹದಿನೆಂಟನೆಯದು ಕೈತಪ್ಪಬಾರದೆಂದು ಊರೇ ಟೊಂಕ ಕಟ್ಟಿ ನಿಂತಿತು.

ಪುತ್ತೂರಿನ ಬಸ್ಸಿಳಿದ ಅಧಿಕಾರಿ ಗೌರೀಶಂಕರರು ವೆಂಕಪ್ಪನ ಹೋಟೆಲಿಗೆ ಬಂದು ಮಾಸ್ಟ್ರ ಹೆಸರೆತ್ತಿದ್ದೇ ತಡ, ವೆಂಕಪ್ಪ ಶುರುಮಾಡಿದ.

"ಅಪ್ಪಟ ಚಿನ್ನ ಮಾರಾಯ್ರೆ! ಊರು ಬಿಟ್ಟು ಹೋಗುವ ಜನವೇ ಅಲ್ಲ. ಗಂಜಿ, ಉಪ್ಪಿನಕಾಯಿ ಬಿಟ್ಟರೆ ಬೇರೆ ಎಂತದೂ ಮುಟ್ಲಿಕ್ಕಿಲ್ಲ. ಸಮುದ್ರ ಕಂಡರೆ ವಾಂತಿ ಬರ್ತದೆ."

ಪಕ್ಕದ ಮನೆಯ ದಮಯಂತಿಯಕ್ಕ ಧ್ವನಿಗೂಡಿಸಿದರು. "ಹೆಂಡತಿಯನ್ನು ಬಿಟ್ಟು ಒಂದು ದಿನ ಇರ್ಲಿಕ್ಕಿಲ್ಲ."

"ಅವರಿಗೆ ಮದುವೆಯೇ ಆಗಿಲ್ಲವಲ್ಲ?"

"ಆದ ಮೇಲಿನ ಮಾತು ಹೇಳಿದ್ದು ನಾನು."

ಅಧಿಕಾರಿ ಎಲ್ಲವನ್ನೂ ಬರೆದುಕೊಂಡರು. ಅಷ್ಟರಲ್ಲಿ ಸುದ್ದಿ ತಿಳಿದ ಮಾಸ್ಟ್ರು ಚಾಕ್‌ಪೀಸು ಹಿಡಿದೇ ಓಡಿ ಬಂದರು.

"ಸರ್, ಇದೆಲ್ಲ ಸುಳ್ಳು! ನಾನು ಎರಡು ವರ್ಷ ವಿದೇಶದಲ್ಲಿದ್ದೆ!"

"ಒಂದು ಸಲ ಕಾಲು ಜಾರಿತು, ಯಾರಿಗೆ ಜಾರುದಿಲ್ಲ?" ವೆಂಕಪ್ಪ ಅಡ್ಡಬಂದ. "ಇನ್ನು ಪುತ್ತೂರಿಗೂ ಹೋಗ್ಲಿಕ್ಕಿಲ್ಲ."

ಮಾಸ್ಟ್ರನ್ನು ಸಮಾಧಾನ ಮಾಡಲು ಹೋದ ದಮಯಂತಿಯಕ್ಕ ಬಿಸಿ ಚಾವನ್ನು ಅವರ ಪಂಚೆಯ ಮೇಲೇ ಚೆಲ್ಲಿದರು.

"ಪರವಾಗಿಲ್ಲ ಅಕ್ಕ," ಎಂದು ಹಲ್ಲು ಕಚ್ಚಿ ನಕ್ಕ ಮಾಸ್ಟ್ರು ಕೈಮುಗಿದರು. "ನೀವೆಲ್ಲ ಒಳ್ಳೇದಕ್ಕೇ ಹೇಳುದು. ಆದರೆ ಸ್ವಲ್ಪ ಸುಮ್ಮನಿರಿ ಮಾರಾಯ್ರೆ."

ಯಾರೂ ಸುಮ್ಮನಿರಲಿಲ್ಲ. ಅಧಿಕಾರಿ ಪುಸ್ತಕ ಮುಚ್ಚಿ ಎದ್ದರು. ಆ ಮಕ್ಕಳನ್ನು ಇನ್ನು ಕಂಡ ಹಾಗೆಯೇ ಎಂದುಕೊಂಡ ಮಾಸ್ಟ್ರ ಕಣ್ಣು ತುಂಬಿತು.

ಅಧಿಕಾರಿ ಅವರ ಹೆಗಲ ಮೇಲೆ ಕೈಯಿಟ್ಟರು. "ಹೊರಡುವ ತಯಾರಿ ಮಾಡಿ ಮಾಸ್ಟ್ರೇ. ನಿಮ್ಮ ಮಾತು ಇಲ್ಲಿ ಒಬ್ಬರೂ ಕೇಳಲಿಲ್ಲ, ಆದರೂ ಒಬ್ಬರ ಮೇಲೂ ನೀವು ರೇಗಲಿಲ್ಲ. ರಾಯಭಾರಿಗೆ ಬೇಕಾದ್ದು ಅದೇ. ನಾನು ಕಣ್ಣಾರೆ ಕಂಡದ್ದನ್ನೇ ಬರೆಯುವವ."

ಮಾಸ್ಟ್ರಿಗೆ ಹೋದ ಜೀವ ಬಂತು. ಬೆಳ್ಳಾರೆಯಲ್ಲಿ ಅಂದು ಅವರಷ್ಟು ಸುಖಿ ಇನ್ನೊಬ್ಬನಿರಲಿಲ್ಲ.

ಬಸ್ಸು ಬಂತು. ಮೆಟ್ಟಿಲ ಮೇಲೆ ಕಾಲಿಟ್ಟ ಅಧಿಕಾರಿ ಏನೋ ನೆನಪಾದವರಂತೆ ಕೆಳಗಿಳಿದು ದನಿ ತಗ್ಗಿಸಿದರು.

"ಸರಕಾರದ ಕೆಲಸ ಮುಗಿಯಿತು. ಇನ್ನು ನನ್ನದೊಂದು. ನನ್ನ ತಂಗಿ ಕೌಸಲ್ಯಾ, ಮೂವತ್ತಾರಾಯಿತು. ಸಿಟ್ಟು ಮಾಡದ ಗಂಡು ಎಲ್ಲೂ ಸಿಗಲಿಲ್ಲ. ದೇಶ ಸುತ್ತಲು ಅವಳಿಗೆ ತುಂಬ ಆಸೆ..." ಎಂದು ಚೀಲಕ್ಕೆ ಕೈಹಾಕಿ ಹದಿನೆಂಟನೆಯ ಜಾತಕ ಹೊರತೆಗೆದರು.

ಹೋಟೆಲಿನ ಬಾಗಿಲಿಂದ ಜಾತಕ ಕಂಡ ವೆಂಕಪ್ಪ ಇಡೀ ಪೇಟೆಗೆ ಕೇಳುವಂತೆ ಕೂಗಿದ. "ನಾನು ನಿನ್ನೆಯೇ ಹೇಳ್ಲಿಲ್ವಾ, ಇವರು ಹೆಣ್ಣಿನ ಕಡೆಯವರೇ ಅಂತ!"