ಸಂಜಿ ಬಸ್ಸಿಗೆ ಬರೆದ ಮನವಿ

ಕಂಡಕ್ಟರ್ ಕೆಲಸ ಅಂದ್ರ ಹಿಂಗ ನೋಡ್ರಿ. ಇವತ್ತ ನಗಬಾರದು ಅಂತ ಮಾರಿ ಗಂಟ ಹಾಕ್ಕೊಂಡ ನಿಂತರೂ, ಮುಂದಿನ ಸ್ಟಾಪಿನ್ಯಾಗ ಯಾರರ ಒಬ್ರು ಹತ್ತಿ ನಗಸೇ ಬಿಡ್ತಾರ. ನಾ ಮುಂಡಗೋಡ ಕಡೆಯಾಕಿ. ದಾಂಡೇಲಿಯಿಂದ ಜೋಯಿಡಾ, ಕುಂಬಾರವಾಡ ದಾಟಿ ಕಾಡಿನೊಳಗಿನ ಒಂದು ಊರಿಗೆ ಹೋಗೂ ಸಂಜಿ ಬಸ್ಸಿನ ಕಂಡಕ್ಟರ್. ಬಾಯಿ ಜೋರು, ಸಿಟ್ಟು ಮೂಗಿನ ತುದಿಮ್ಯಾಲ. ಆದರೂ ಆ ದಾರಿ ಮಂದಿ ನನ್ನ ಬೈಗುಳ ತಿಂದು, ನನಗ ಹಲಸಿನ ಹಣ್ಣು ತಿನಿಸ್ಯಾರ. ಅವರ ಉಪಕಾರ ನೆನಸಿಕೊಂಡ ಇದನ್ನ ಹೇಳಾಕತ್ತೇನಿ.

೧. ಒಂದು ಬಸ್ಸು, ಊರಿನ ತ್ರಾಸೆಲ್ಲಾ

ಒಂದಿನ ಡಿಪೋದಾಗ ಹೇಳಿದ್ರು: "ಆ ಸಂಜಿ ಬಸ್ಸಿಗೆ ಕಲೆಕ್ಷನ್ ಇಲ್ಲ. ಮುಂದಿನ ತಿಂಗಳಿಂದ ಬಂದ್." ನಾ ಬಸ್ಸಿನ್ಯಾಗ ಈ ಸುದ್ದಿ ಹೇಳಿದೆ.

ಮುಂದಿನ ಸೀಟಿನ್ಯಾಗ ಒಬ್ಬಾಕಿ ಸಿದ್ದಿ ಸಮಾಜದ ಹೆಣ್ಣಮಗಳು ಕುಂತಿದ್ಲು. ಕೂಲಿ ಮಾಡಾಕಿ. ಎಲ್ಲಾರೂ ಆಕಿಗೆ ಮೌಶಿ, ಅಂದ್ರ ಚಿಗವ್ವ, ಅಂತಾರ. ಬಾಜೂಕ ಕುಂತಿದ್ದ ಆಕಿ ಮಗಳು ಜೋಯಿಡಾದ ಕಾಲೇಜಿಗೆ ಹೋಗ್ತಾಳ. ಅವರ ಕೇರಿಯಿಂದ ಕಾಲೇಜಿನ ಮೆಟ್ಟಲಾ ಹತ್ತಿದ ಮೊದಲನೇ ಹುಡುಗಿ. ಕ್ಲಾಸ್ ಮುಗಿಯೂದ ಸಂಜಿಗೆ, ಆಮ್ಯಾಲ ನಮ್ಮ ಬಸ್ ಬಿಟ್ರ ಮತ್ತೊಂದಿಲ್ಲ.

"ಕಂಡಕ್ಟರ್ ಬಾಯಿ, ಬಸ್ ಬಂದ್ ಆದ್ರ ಇಕಿ ಕಾಲೇಜೂ ಬಂದ್ ನೋಡ್ರಿ," ಅಂದ್ಲು ಮೌಶಿ. ಕಣ್ಣಾಗ ನೀರಿರಲಿಲ್ಲ, ಸಿಟ್ಟಿತ್ತು. "ಮನವಿ ಕೊಡೂಣು. ಈಗ ಬರೀರಿ."

ಡ್ರೈವರ್ ಅಣ್ಣ ಬಸ್ ರಸ್ತಾದ ಬಾಜೂಕ ನಿಲ್ಲಿಸಿಬಿಟ್ಟ. ಬಸ್ಸಿನ್ಯಾಗಿದ್ದ ಊರ ಹಿರ್ಯಾರೊಬ್ರು ಪೆನ್ ಹಿಡದ್ರು. ಬಸ್ಸಿನ ಮಾತು ಒಂದು ಸಾಲಿನ್ಯಾಗ ಮುಗೀತು, ಆಮ್ಯಾಲ ರಸ್ತಾ ಬಂತು, ಮೊಬೈಲ್ ಟವರ್ ಬಂತು, ಗದ್ದೆಗೆ ನುಗ್ಗೂ ಕಾಡಕೋಣ ಬಂತು.

"ದಾದಾ," ಅಂದ್ಲು ಮೌಶಿ, "ಬಸ್ಸಿನ ಸಾಹೇಬ್ರು ಕಾಡಕೋಣ ಹೆಂಗ ಓಡಸ್ತಾರ?"

"ಹಾರ್ನ್ ಹೊಡದ ಓಡಸ್ತಾರ!" ಅಂದ್ರು ಹಿರ್ಯಾರು. "ಒಮ್ಮೆ ಹೊಂಟೀವಿ ಅಂದ ಮ್ಯಾಲ ಎಲ್ಲಾ ಕೇಳಿ ಬಿಡೂಣು."

ನಾ ಒಂದ್ ಜೋರು ಮಾಡಿದೆ, ಮನವಿಯೊಳಗ ಬಸ್ಸಿನ ಮಾತೊಂದ ಉಳೀತು. ಅಷ್ಟರಾಗ ಹಿಂದಿನ ಸೀಟಿನ ಯಜಮಾನ್ರು ಎದ್ದ ನಿಂತ್ರು. "ನನ್ನ ಮಗನ ಲಗ್ನದ್ದೂ ಹಾಕ್ರಿ." ಎಲ್ಲಾರೂ ಹೋ ಅಂತ ನಕ್ಕರು. "ನಗಬ್ಯಾಡ್ರಿ! ಊರ ಮಟಾ ಬಸ್ ಬರ್ತೈತಿ ಅಂತ ಹೇಳೇ ಬೀಗರನ್ನ ಒಪ್ಪಿಸೇನಿ. ಅಕ್ಕಿಕಾಳು ಬೀಳೂ ಮಟಾ ಆದ್ರೂ ಬಸ್ ಓಡಲಿ, ಆಮ್ಯಾಲ ನಿಮ್ಮ ಇಷ್ಟ!"

೨. ಮೊದಲನೇ ಸಹಿ ಯಾರದು?

ಮನವಿ ಬರದದ್ದಾತು. ಸಹಿ ಮಾಡಾಕ ಒಬ್ರೂ ತಯಾರಿಲ್ಲ. ಮೊದಲನೇ ಹೆಸರು ಯಾರದಿರ್ತೈತಿ, ಆಫೀಸಿನವರು ಅವರನ್ನ ಕರದ ಬೈತಾರ ಅಂತ ಎಲ್ಲಾರಿಗೂ ಅಂಜಿಕಿ. "ನಾ ಹಿರ್ಯಾ ಅದೇನಿ, ಕಡೀಕ ಮಾಡ್ತೇನಿ," ಅಂದ್ರು ಹಿರ್ಯಾರು. ಮೌಶಿ "ನಾ ಮಾಡ್ತೇನಿ ತಗೊಳ್ರಿ" ಅಂದ್ರ, "ಬ್ಯಾಡ, ಹುಡುಗಿಗೆ ತೊಂದ್ರಿ ಆಗ್ತೈತಿ" ಅಂತ ಆಕಿನ್ನ ಬಿಡಲಿಲ್ಲ. ಕಾಗದ ಬಸ್ಸಿನ್ಯಾಗ ದಿನಾ ಹೋಗಿ ಬಂದು ಮೆತ್ತಗಾತು.

ಆಗ ಹತ್ತಿದ್ರು ನೋಡ್ರಿ ಒಬ್ರು ಇಂಗ್ಲೆಂಡಿನ ಅಜ್ಜಿ. ಹಕ್ಕಿ ನೋಡಾಕ ಬಂದು ಜೋಯಿಡಾದ ಹೋಂಸ್ಟೇದಾಗ ಇಳಕೊಂಡಿದ್ರು, ಕೊರಳಾಗ ದುರ್ಬೀನು. ಗದ್ದಲ ಏನಂತ ಕೇಳಿದ್ರು. ಮೌಶಿ ಮಗಳು ತನ್ನ ಕಾಲೇಜಿನ ಇಂಗ್ಲಿಷ್ ತಗದು ಎಲ್ಲಾ ಹೇಳಿದ್ಲು. ಅಜ್ಜಿ ಹೇಳಿದ್ದನ್ನೂ ಆಕೀನ ನಮಗ ಕನ್ನಡದಾಗ ಹೇಳಿದ್ಲು.

"ಅವರ ಹಳ್ಳ್ಯಾಗೂ ಬಸ್ ಬಂದ್ ಮಾಡಿದ್ರಂತ. ಮನಿ ಮನಿ ಅಡ್ಡಾಡಿ ಸಹಿ ಮಾಡಿಸಿ ಮನವಿ ಕೊಟ್ರಂತ."

ಬಸ್ಸಿನ್ಯಾಗ ಎಲ್ಲಾರ ಬಾಯಿ ತೆರದದ್ದು ತೆರದಂಗ ಇತ್ತು. "ಏನು!" ಅಂದ್ರು ಹಿರ್ಯಾರು. "ನಮ್ಮನ್ನ ಆಳಿದವರ ಊರಾಗೂ ಬಸ್ ಇಲ್ಲೇನು? ಕೇಳವಾ, ವಾಪಸ್ ಬಂತೇನಂತ."

"ಬಂತಂತ. ಮಂಗಳವಾರ ಅಷ್ಟ."

"ಅಯ್ಯ ಪಾಪ!" ಅಂತ ಮೌಶಿ ತನ್ನ ಚೀಲದಾಗಿನ ಪೇರಲಹಣ್ಣು ತಗದು ಆ ಅಜ್ಜಿ ಕೈಯಾಗಿಟ್ಲು.

ಹಣ್ಣು ತಿಂತಾ ಅಜ್ಜಿ ಒಂದು ದಾರಿ ತೋರಿಸಿದ್ರು. ಹಿಂದಿನ ಕಾಲದಾಗ ಅವರ ಕಡೆ ಹಡಗಿನ ಮಂದಿ ಕ್ಯಾಪ್ಟನ್ ಮ್ಯಾಲ ತಕರಾರು ಬರದ್ರ, ಸಹಿ ಉದ್ದಕ ಮಾಡ್ತಿರಲಿಲ್ಲಂತ, ದುಂಡಕ ಮಾಡ್ತಿದ್ರಂತ. ಯಾರು ಮೊದಲು, ಯಾರು ಕಡೀಕ, ಯಾರಪ್ಪಗೂ ತಿಳೀಬಾರದು.

ಮೌಶಿ ಬುತ್ತಿಡಬ್ಬಿ ಮುಚ್ಚಳಾ ಕಾಗದದ ಮ್ಯಾಲ ಇಟ್ಟು ಗುಂಡ ಗೆರಿ ಎಳದ್ಲು. ಒಬ್ಬೊಬ್ಬರಾಗಿ ಸುತ್ತಲೂ ಸಹಿ, ಹೆಬ್ಬಟ್ಟು ಬಿದ್ದವು. "ನಾನೂ ಟಿಕೆಟ್ ತಗೊಂಡೇನಿ" ಅಂತ ಇಂಗ್ಲೆಂಡಿನ ಅಜ್ಜೀನೂ ಸಹಿ ಮಾಡಿದ್ರು. ಎಲ್ಲಾ ಮುಗಿದ ಮ್ಯಾಲ ಹಿರ್ಯಾರು ಕಾಗದ ಇಸಗೊಂಡು, ಹಿಂಗ ತಿರಿಗಿಸಿ, ಹಂಗ ತಿರಿಗಿಸಿ, ತಮ್ಮ ಹೆಸರು ಮ್ಯಾಲ ಬಂದ ಕೂಡಲೇ ನಿಲ್ಲಿಸಿದ್ರು. "ಹಾಂ! ಹಿಂಗ ಹಿಡದ್ರ ನಾನ ಮೊದಲು!"

೩. ಸಾಹೇಬ್ರ ಕುತಗಿ ನೋವು

ಮೌಶಿ, ಹಿರ್ಯಾರು ಎಲ್ಲಾ ಕೂಡಿ ದಾಂಡೇಲಿ ಡಿಪೋಕ್ಕ ಹೋಗಿ ಮನವಿ ಕೊಟ್ರು. ನಾ ಅಲ್ಲೇ ದಿನದ ಲೆಕ್ಕಾ ಕಟ್ಟಾಕತ್ತಿದ್ದೆ, ಹಿಂಗಾಗಿ ಕಣ್ಣಾರೆ ನೋಡಿದೆ.

ಡಿಪೋ ಸಾಹೇಬ್ರು ಕಾಗದ ನೋಡಿದ್ರು. ಕುತಗಿ ಎಡಕ ವಾಲಿಸಿದ್ರು, ಬಲಕ ವಾಲಿಸಿದ್ರು. "ಇದರಾಗ ಮುಖಂಡರು ಯಾರು?"

ಎಲ್ಲಾರೂ ಒಮ್ಮೆಗೇ ಅಂದ್ರು: "ಯಾರೂ ಇಲ್ರಿ."

"ಯಾರೂ ಇಲ್ಲಂದ್ರ ನಾ ಯಾರನ್ನ ಬೈಲಿ?" ಅಂತ ಸಾಹೇಬ್ರು ಮತ್ತ ಕಾಗದ ತಿರಿಗಿಸಿದ್ರು. ಈ ಸಲ ಇಂಗ್ಲಿಷ್ ಹೆಸರು ಮ್ಯಾಲ ಬಂತು. "ಇವರ‍್ಯಾರು?"

"ನಮ್ಮ ಬಸ್ಸಿನ ಪ್ಯಾಸೆಂಜರ್ ರೀ. ಇಂಗ್ಲೆಂಡಿನವರು," ಅಂದ್ಲು ಮೌಶಿ.

ಸಾಹೇಬ್ರು ನೆಟ್ಟಗ ಕುಂತ್ರು. "ಈ ಬಸ್ಸಿನ ಸುದ್ದಿ ಇಂಗ್ಲೆಂಡಿನ ಮಟಾ ಹೋಗೇತೇನು?" ಅಂತ ಎಲ್ಲಾರಿಗೂ ಚಾ ತರಿಸಿದ್ರು. ಪಾಪ, ಒಳ್ಳೇ ಮನುಷ್ಯಾ. "ಒಂದು ತಿಂಗಳು ಓಡಸಿ ನೋಡ್ತೇನಿ. ಮಂದಿ ಹತ್ತಿದ್ರ ಬಸ್ ಇರ್ತೈತಿ, ಇಲ್ಲಂದ್ರ ಇಲ್ಲ." ಮಂದಿ ಹೊಂಡೂ ಮುಂದ ಸಾಹೇಬ್ರು ಮೆಲ್ಲಕ ಒಂದು ಮಾತು ಹೇಳಿದ್ರು. "ಇನ್ನೊಮ್ಮೆ ಮನವಿ ಕೊಟ್ರ ಉದ್ದಕ ಸಹಿ ಮಾಡ್ರಿ. ನನ್ನ ಕುತಗಿ ಹಿಡಕೊಂಡೈತಿ."

೪. ಕೋಳಿಗೆ ಟಿಕೆಟ್

ಆ ತಿಂಗಳು ನಮ್ಮ ಬಸ್ಸು ಕಂಡಷ್ಟು ಮಂದೀನ್ನ ಜಾತ್ರಿ ಬಸ್ಸೂ ಕಂಡಿರಲಿಕ್ಕಿಲ್ಲ. ಕೆಲಸ ಇದ್ದವರೂ ಹತ್ತಿದ್ರು, ಇಲ್ಲದವರೂ ಹತ್ತಿದ್ರು. ಒಬ್ಬಾಕಿ ಬೇಳೆ ಆರಿಸೂ ಮೊರಾ ತಂದು ಸೀಟಿನ್ಯಾಗ ಕುಂತು ಬೇಳೆ ಆರಿಸಿಕೋತ ಜೋಯಿಡಾಕ ಹೋಗಿ ಬರಾಕಿ. ಹೆಣ್ಣಮಕ್ಕಳಿಗೆ ಟಿಕೆಟ್ ಪುಕ್ಕಟೆ, ಹಿಂಗಾಗಿ ಕಲೆಕ್ಷನ್ ಭಾರ ಗಂಡಸರ ಮ್ಯಾಲ ಬಿತ್ತು. ಅವರು ಗೊಣಗಲಿಲ್ಲ, ಕೂಲಿ ರೊಕ್ಕದಾಗ ಟಿಕೆಟ್ ತಗೊಂಡ್ರು. ನೆನಸಿದ್ರ ಈಗೂ ಕಣ್ಣ ತುಂಬ್ತಾವ.

ಒಂದಿನ ಚೆಕಿಂಗ್‌ನವರು ಹತ್ತಿದ್ರು. ಆ ಲಗ್ನದ ಯಜಮಾನ್ರ ಬಗಲಾಗ ಒಂದು ಹುಂಜ ಇತ್ತು.

"ಎಲ್ಲಿಗೆ ಹೊಂಟೀರಿ ಯಜಮಾನ್ರ?"

"ಜೋಯಿಡಾಕ ಹೋಗಿದ್ದೆ, ಊರಿಗೆ ಹೊಂಟೇನ್ರಿ."

"ಹುಂಜಾ ಮಾರಾಕ ಒಯ್ದಿದ್ರೇನು?"

"ಇಲ್ರಿ. ಅದರ ಟಿಕೆಟ್ಟಿನ ರೊಕ್ಕಾನೂ ಬಸ್ಸಿಗೆ ಬರಲಿ ಅಂತ ದಿನಾ ಕರಕೊಂಡ ಅಡ್ಡಾಡತೇನಿ." ಅಂದವರೇ ಹುಂಜದ ಟಿಕೆಟ್ ತೋರಿಸಿದ್ರು. ಚೆಕಿಂಗ್‌ನವರು ಟಿಕೆಟ್ ನೋಡಿದ್ರು, ಹುಂಜಾ ನೋಡಿದ್ರು. "ಇದಕ ಪಾಸ್ ಮಾಡಸ್ರಿ, ಸೋವಿ ಬೀಳ್ತೈತಿ!"

೫. ಎರಡನೇ ಮನವಿ

ಬಸ್ ಉಳೀತು. ಆದ್ರ ಆ ಮನವಿ ತುದಿಗೆ ಹಿರ್ಯಾರು ತಮ್ಮ ಬುದ್ಧಿಲೇ ಒಂದು ಸಾಲು ಸೇರಿಸಿದ್ರಂತ: 'ಈ ಕಂಡಕ್ಟರ್ ಬಾಯಿಯಂಥಾ ಒಳ್ಳೇ ಮನಶ್ಯಾರು ಸಿಗೂದಿಲ್ಲ.' ಸಾಹೇಬ್ರು ಅದನ್ನ ಓದಿ ನನ್ನ ಕರದು, "ಇಷ್ಟ ಛಲೋ ಕೆಲಸ ಮಾಡಾವರು ಕಾಡಿನ್ಯಾಗ ಯಾಕ? ನಾಳಿಂದ ಹಳಿಯಾಳ ಮ್ಯಾಲಿಂದ ಹುಬ್ಬಳ್ಳಿ ಬಸ್ಸಿಗೆ ಹೋಗ್ರಿ," ಅಂದ್ರು. ಹೊಗಳಿಕಿ ನನ್ನ ಕೊರಳಿಗೇ ಬಂತು.

ಹುಬ್ಬಳ್ಳಿ ರಸ್ತಾ ಛಲೋ, ಬಸ್ಸೂ ಛಲೋ. ಎಲ್ಲಾರೂ ಮೊಬೈಲ್ ನೋಡಿಕೋತ ಕೂಡ್ತಾರ, ಬೈಯಾಕ ಒಬ್ರೂ ಸಿಗಂಗಿಲ್ಲ. ನನಗ ಹೊಟ್ಟಿಗೆ ಅನ್ನ ಸೇರಲಿಲ್ಲ. ಅಷ್ಟರಾಗ ಸುದ್ದಿ ಬಂತು. ಹೊಸಾ ಕಂಡಕ್ಟರ್ ಟೈಮಿಗೆ ಸರಿಯಾಗಿ ಸೀಟಿ ಊದತಾನಂತ. ಮೌಶಿ ಮಗಳು ಕ್ಲಾಸ್ ಮುಗಿಸಿ ಓಡಿ ಬರೂದರೊಳಗ ಬಸ್ ಹೋಗಿಬಿಡ್ತೈತಂತ. ಎರಡ ಸಲ ಆಕಿ ರಾತ್ರಿ ಜೋಯಿಡಾದಾಗ ಟೀಚರ್ ಬಾಯಿ ಮನಿಯಾಗ ಉಳದ್ಲು. "ಇನ್ನೊಮ್ಮೆ ಹಿಂಗಾದ್ರ ಕಾಲೇಜ್ ಬಿಡಸ್ತೇನಿ," ಅಂದ್ಲಂತ ಮೌಶಿ.

ಒಂದು ವಾರಕ್ಕ ಸಾಹೇಬ್ರು ನನ್ನ ಕರಸಿದ್ರು. ಮಾರಿ ಕೆಂಪಗಿತ್ತು. "ನಿಮ್ಮ ಮ್ಯಾಲ ಮನವಿ ಬಂದೈತಿ," ಅಂತ ಓದಾಕ ಹತ್ತಿದ್ರು.

'ಈ ಬಾಯಿ ಸ್ಟಾಪ್ ಇಲ್ಲದಲ್ಲಿ ಬಸ್ ನಿಲ್ಲಸ್ತಾರ. ಕಾಲೇಜ್ ಹುಡುಗ್ಯಾರು ಬರೂ ಮಟಾ ಸೀಟಿ ಊದಂಗಿಲ್ಲ. ಮುದುಕರು ನಿಂತ್ರ ಹುಡುಗರನ್ನ ಬೈದು ಎಬ್ಬಸ್ತಾರ. ಪ್ಯಾಸೆಂಜರ್ ಬುತ್ತಿ ಬಿಚ್ಚಿದ್ರ ತಾವೂ ಉಣ್ತಾರ. ಇಂಥಾವರನ್ನ ಹುಬ್ಬಳ್ಳಿಯಂಥಾ ದೊಡ್ಡ ಊರಿಗೆ ಕಳಿಸಿದ್ರ ಇಲಾಖೆ ಮರ್ಯಾದಿ ಹೋಗ್ತೈತಿ. ಅಲ್ಲಿ ಮಂದಿಗೆ ತ್ರಾಸು ಬ್ಯಾಡ. ನಮ್ಮ ಕಡೆ ಕಳಿಸ್ರಿ, ಹೆಂಗರ ತಡಕೊಂತೀವಿ.'

ಈ ಸಲ ಸಹಿ ಉದ್ದಕ ಇದ್ದವು. ಮೊದಲನೇದು ಮೌಶೀದು.

"ಇವೆಲ್ಲಾ ಖರೇ ಏನ್ರಿ?"

"ಒಂದೂ ಸುಳ್ಳಿಲ್ರಿ ಸರ್," ಅಂದೆ.

"ಹಂಗಾದ್ರ ಶಿಕ್ಷಾ ಆಗಬೇಕು. ನಾಳಿಂದ ವಾಪಸ್ ಕುಂಬಾರವಾಡದ ದಾರಿಗೆ!"

ನಾ ಮರುದಿನ ಡಿಪೋದ ತುಂಬ ಪೇಡೆ ಹಂಚಿದೆ. ಸಾಹೇಬ್ರು ಪೇಡೆ ಬಾಯಾಗಿಟ್ಟುಕೊಂಡು, "ಶಿಕ್ಷಾಕ್ಕ ಪೇಡೆ ಹಂಚಾವರನ್ನ ನಿಮ್ಮನ್ನ ಮೊದಲು ನೋಡಿದೆ," ಅಂದ್ರು. ಅವರಿಗೆ ಎಲ್ಲಾ ತಿಳದಿತ್ತು ಅಂತ ನನಗ ಅನಸ್ತೈತಿ. ಅವರ ಹೊಟ್ಟಿ ತಣ್ಣಗಿರಲಿ.

ಆ ಸಂಜಿ ಜೋಯಿಡಾದಾಗ ಸೀಟಿ ಬಾಯಾಗಿಟ್ಟು ಕಾದೆ. ಹುಡುಗಿ ಏದುಸಿರು ಬಿಡ್ತಾ ಓಡಿ ಬಂದು ಹತ್ತಿದ್ಲು. ಮೌಶಿ ಮೊದಲ ಸೀಟಿನ್ಯಾಗ ಇದ್ಲು.

"ಹಂಗೆಲ್ಲಾ ಬರದೀವಿ, ಸಿಟ್ಟಾಗಬ್ಯಾಡ್ರಿ ಬಾಯಿ."

"ಸಿಟ್ಟ ಯಾಕ ಮೌಶಿ? ಎಲ್ಲಾ ಖರೇನ ಬರದೀರಲ್ಲ."

"ಒಂದು ಸುಳ್ಳೈತಿ," ಅಂದ್ಲು ಆಕಿ, ನನ್ನ ಕೈ ಹಿಡಕೊಂಡು. "ಹೆಂಗರ ತಡಕೊಂತೀವಿ ಅಂತ ಬರದೀವಲ್ಲ, ಅದು."

ನಾ ಸೀಟಿ ಮತ್ತ ಬಾಯಾಗಿಟ್ಟೆ. ಊದಿದ್ರ ಸೀಟಿ ಬರವಲ್ದು. ಬಸ್ಸಿನ್ಯಾಗ ಎಲ್ಲಾರೂ ನನ್ನ ಮಾರಿ ನೋಡಾಕತ್ತಿದ್ರು. ಡ್ರೈವರ್ ಅಣ್ಣ ಹಿಂದ ಹೊಳ್ಳಿ ನೋಡಿ ಅಂದ:

"ಏನ್ ಬಾಯಾರ, ಹೋಗೂಣೋ, ಇಲ್ಲಾ ಇದಕ್ಕೂ ಒಂದು ಮನವಿ ಬರೀಬೇಕೋ?"