ರಾಜುವಿನ ಕಾಲಿಗೆ ಕಟ್ಟು ಹಾಕಿದ್ದು ಯಾರು?

ಪುತ್ತೂರು, ಸುಳ್ಯ, ಕಡಬ ಈ ಮೂರು ತಾಲೂಕಿನಲ್ಲಿ ತಾನು ತಿಳಿಯದ ಬಾಗಿಲಿಲ್ಲ, ತನ್ನನ್ನು ತಿಳಿಯದ ಮನುಷ್ಯನಿಲ್ಲ ಎಂದು ವೆಂಕಪ್ಪನವರು ನಂಬಿದ್ದರು. ನಂಬುವುದಕ್ಕೆ ಕಾರಣವೂ ಇತ್ತು. ಇಪ್ಪತ್ತೊಂಬತ್ತು ವರ್ಷ ಬಸ್‌ಸ್ಟ್ಯಾಂಡುಗಳಲ್ಲಿ ಟೈಮ್‌ಕೀಪರ್ ಆಗಿದ್ದವರು ಅವರು. ಯಾವ ಬಸ್ಸು ಎಷ್ಟು ಗಂಟೆಗೆ ಹೊರಡಬೇಕು ಎಂಬುದರ ಜೊತೆಗೆ ಅದರಲ್ಲಿ ಯಾರು ಯಾರ ಮನೆಯ ನೆಂಟಸ್ತಿಕೆ ಮುರಿಯಲು ಹೊರಟಿದ್ದಾರೆ ಎಂಬುದೂ ಅವರಿಗೆ ಗೊತ್ತಿರುತ್ತಿತ್ತು. ನಿವೃತ್ತರಾಗಿ ಮೂರು ವರ್ಷವಾದರೂ ಅವರ ಗಂಟಲಿನಿಂದ ಮೈಕು ಇಳಿದಿರಲಿಲ್ಲ.

ಅಂಥವರ ಮನೆಯ ನಾಯಿ ರಾಜು ಒಂದು ದಿನ ಮುಂಗುಸಿಯನ್ನು ಅಟ್ಟಿಸಿಕೊಂಡು ಹೋಗಿ, ಮುರಕಲ್ಲಿನ ಪಾಗಾರದ ಗೋಡೆಯಿಂದ ಹಾರಿ, ಬಲಗಡೆಯ ಹಿಂಗಾಲನ್ನು ಎತ್ತಿ ಹಿಡಿದುಕೊಂಡು ವಾಪಸಾಯಿತು. ಮುಂಗುಸಿಗೆ ಏನೂ ಆಗಲಿಲ್ಲ. ಕಡಬದ ಪಶುವೈದ್ಯರು ಮೊಣಕಾಲನ್ನು ಒತ್ತಿ ನೋಡಿ, ಒಳಗಿನ ಲಿಗಮೆಂಟ್ ಹರಿದಿದೆ, ಆಪರೇಷನ್ ಆಗಬೇಕು, ಬಿಟ್ಟರೆ ಇನ್ನೊಂದು ಕಾಲೂ ಸೋಲುತ್ತದೆ, ಮತ್ತೆ ನಾಯಿ ನೆಲ ಬಿಟ್ಟು ಏಳುವುದಿಲ್ಲ ಎಂದರು. ಮಂಗಳೂರಿನ ಒಂದು ಆಸ್ಪತ್ರೆಗೆ ಫೋನ್ ಮಾಡಿದರೆ, ಪ್ಲೇಟ್ ಹಾಕಲು ಎಪ್ಪತ್ತು ಸಾವಿರ ಎಂಬ ಉತ್ತರ ಬಂತು.

ಹೆಂಡತಿ ಪೂವಮ್ಮ ಕೈಯಲ್ಲಿದ್ದ ಚಾ ಲೋಟವನ್ನು ನಿಧಾನವಾಗಿ ಕೆಳಗಿಟ್ಟರು.

"ನಿಮ್ಮ ಮೊಣಕಾಲಿಗೆ ಎಂಟು ವರ್ಷದಿಂದ ನಾನು ಎಣ್ಣೆ ತಿಕ್ಕುದು. ನನ್ನ ಹತ್ರ ಯಾರೂ ಪ್ಲೇಟ್ ಅಂತ ಹೇಳ್ಲಿಲ್ಲ."

ಹಾಗೆಂದರೂ ರಾಜುವಿನ ತಲೆ ಅವರ ಪಾದದ ಮೇಲೆಯೇ ಇತ್ತು, ಅವರು ಪಾದ ಎಳೆದುಕೊಳ್ಳಲಿಲ್ಲ. ವೆಂಕಪ್ಪನವರ ಕಥೆಯೂ ಅಷ್ಟೇ. ನಿವೃತ್ತಿಯ ಮರುವಾರ, ಅಭ್ಯಾಸದಂತೆ ಐದೂವರೆಗೆ ಎದ್ದು, ಕಳಿಸಲು ಒಂದು ಬಸ್ಸೂ ಇಲ್ಲದೆ ಅಂಗಳದಲ್ಲಿ ನಿಂತಿದ್ದಾಗ ಎಲ್ಲಿಂದಲೋ ಬಂದು ಪಕ್ಕದಲ್ಲಿ ಕೂತ ನಾಯಿ ಅದು. ಕಂದು ಬಣ್ಣ, ಎಡಗಿವಿ ಸೀಳಿದ್ದು, ಮುಖದಲ್ಲಿ ಸದಾ ಏನೋ ಅಡಗಿಸಿಟ್ಟ ಗಾಂಭೀರ್ಯ.

ವೆಂಕಪ್ಪನವರು ಎದ್ದು ನಿಂತು ಘೋಷಿಸಿದರು. "ಎಪ್ಪತ್ತು ಸಾವಿರದ್ದನ್ನು ಇಪ್ಪತ್ತರ ಒಳಗೆ ಮಾಡಿಸದಿದ್ರೆ ನಾನು ವೆಂಕಪ್ಪನೇ ಅಲ್ಲ. ಮಂಗಳೂರಿಗೆ ಹೋಗುದೇ ಬೇಡ. ನನಗೆ ಜನ ಉಂಟು."

ಮರುದಿನ ಬೆಳಿಗ್ಗೆ ಎಂಟು ಗಂಟೆಗೆ ರಾಜು ರಬ್ಬರ್ ತೋಟದ ಕಡೆಯಿಂದ ಮೂರು ಕಾಲಿನಲ್ಲಿ ಕುಂಟುತ್ತ ಬಂತು. ನಾಲ್ಕನೆಯ ಕಾಲಿಗೆ ಬ್ಯಾಂಡೇಜು ಕಟ್ಟಿತ್ತು.

"ನೀವು ಕಟ್ಟಿದ್ದಾ?" ಎಂದು ಪೂವಮ್ಮ ಕೇಳಿದರು. "ನೀನಲ್ವಾ?" ಎಂದು ವೆಂಕಪ್ಪನವರು ಕೇಳಿದರು. ಇಬ್ಬರೂ ಬಗ್ಗಿ ಕಾಲು ನೋಡಿದರು.

ಅದು ಸಾಮಾನ್ಯ ಕಟ್ಟಲ್ಲ. ಗೋಧಿಯ ತೆನೆಯಂತೆ ಒಂದರ ಮೇಲೊಂದು ಸುತ್ತು, ಎಲ್ಲೂ ಬಿಗಿಯಿಲ್ಲ, ಎಲ್ಲೂ ಸಡಿಲವಿಲ್ಲ. ಬಗ್ಗಿ ಮೂಸಿದರೆ ಹೊಗೆಯ ವಾಸನೆ. ಒಲೆಯ ಹೊಗೆಯಲ್ಲ, ಧೂಪದ್ದೂ ಅಲ್ಲ, ಎಷ್ಟೋ ಕಾಲದಿಂದ ಗೋಡೆಯಲ್ಲಿ ಕೂತು ಹಳಸಿದ ಹೊಗೆ.

ಮನೆಯ ಹಿಂದೆ ಒಂದು ತೋಡು, ಸಣ್ಣ ಹಳ್ಳ. ತೋಡಿನಾಚೆ ಹದಿನೈದು ಎಕರೆ ರಬ್ಬರ್. ಅದರ ಯಜಮಾನರು ಈ ಕಡೆ ತಲೆ ಹಾಕುವವರಲ್ಲ. ಮರಗಳಿಂದ ಹಾಲು ತೆಗೆಯುತ್ತಿದ್ದ ಟ್ಯಾಪರ್ ಕುಂಞಿರಾಮ ಎರಡು ವರ್ಷದ ಹಿಂದೆ ತೀರಿಕೊಂಡ ಮೇಲೆ, ರಬ್ಬರ್ ಶೀಟು ಒಣಗಿಸುವ ಹೊಗೆಮನೆಯ ಬಾಗಿಲನ್ನು ಯಾರೂ ತೆರೆದದ್ದು ಇವರಿಗೆ ಗೊತ್ತಿಲ್ಲ. ಕುಂಞಿರಾಮನಿಗೆ ರಾಜು ಎಂದರೆ ಜೀವವಾಗಿತ್ತು.

"ಅವನೇ," ಎಂದರು ಪೂವಮ್ಮ, ದನಿ ತಗ್ಗಿಸಿ.

"ಬದುಕಿದ್ದಾಗ ಅಂಗಿಯ ಗುಂಡಿ ಸರಿ ಹಾಕಿದವನಲ್ಲ ಅವನು. ಸತ್ತ ಮೇಲೆ ಇಷ್ಟು ಚಂದ ಕಟ್ಟುದು ಕಲ್ತನಾ?"

"ಈಗ ಪುರುಸೊತ್ತು ಉಂಟಲ್ಲ."

ವೆಂಕಪ್ಪನವರು ಜೋರಾಗಿ ನಕ್ಕರು. ನಗು ತೋಡಿನಾಚೆಯವರೆಗೆ ಹೋಗಿ ವಾಪಸು ಬಂತು. ಆಮೇಲೆ ಅವರು ಒಳಗೆ ಹೋಗಿ ಫೋನ್ ತೆಗೆದುಕೊಂಡರು.

ಪುತ್ತೂರಿನ ಒಂದು ಪ್ರಾಣಿ ಕ್ಲಿನಿಕ್ಕಿಗೆ ಕರೆ ಹೋಯಿತು. ನಾಯಿಯ ಮೊಣಕಾಲಿನ ಆಪರೇಷನ್ ಬಗ್ಗೆ ವಿಚಾರಿಸಬೇಕಿತ್ತು ಎಂದು ಶುರು ಮಾಡುವಷ್ಟರಲ್ಲಿ ಆ ಕಡೆಯ ಹೆಂಗಸು, ಬಲದ ಹಿಂಗಾಲಲ್ಲವೇ ಎಂದಳು. ವೆಂಕಪ್ಪನವರು ಹೌದೆಂದರು. ಕಂದು ನಾಯಿ, ಎಡಗಿವಿ ಸೀಳಿದ್ದಲ್ಲವೇ ಎಂದಳು. ಅವರು ಫೋನನ್ನು ಇನ್ನೊಂದು ಕಿವಿಗೆ ಬದಲಿಸಿದರು. "ನಿಮಗೆ ಹೇಗೆ ಗೊತ್ತು?" ಎಂದು ಕೇಳಿದಾಗ, ಅದರ ವಿಷಯ ಆಗಲೇ ಎರಡು ಸಲ ಕರೆ ಬಂದಿದೆ, ಯಾರೆಂದು ಹೇಳಲಿಲ್ಲ, ಬಹಳ ಮೆಲ್ಲಗೆ ಮಾತಾಡುತ್ತಾರೆ, ನಡುನಡುವೆ ಕೆಮ್ಮುತ್ತಾರೆ ಎಂದಳು.

ಕುಂಞಿರಾಮನಿಗೆ ಹೊಗೆಯ ಕೆಮ್ಮು ಇತ್ತು. ಈ ಮಾತನ್ನು ವೆಂಕಪ್ಪನವರು ಹೆಂಡತಿಗೆ ಹೇಳಲಿಲ್ಲ. ಮಧ್ಯಾಹ್ನ ಊಟಕ್ಕೆ ಕೂತಾಗ ಪೂವಮ್ಮ ತಾವಾಗಿಯೇ ಅದನ್ನು ನೆನಪಿಸಿದರು.

ಒಂದು ವಾರ ಬಿಟ್ಟು ರಾಜುವನ್ನು ಬಾಡಿಗೆ ಆಮ್ನಿ ವ್ಯಾನಿನಲ್ಲಿ ಹಾಕಿಕೊಂಡು ಸುಳ್ಯದ ಒಂದು ಕ್ಲಿನಿಕ್ಕಿಗೆ ಹೋದರು. ಚೀಟಿ ಬರೆಯಲು ಕೂತಿದ್ದ ನಶೀದಾ ಎಂಬ ಹುಡುಗಿ ವೆಂಕಪ್ಪನವರ ಕಡೆ ನೋಡಲೇ ಇಲ್ಲ, ನಾಯಿಯನ್ನೇ ನೋಡಿದಳು. ಮತ್ತೆ ಮೇಜಿನ ಮೇಲಿಂದ ಬಾಗಿ ಮೆಲ್ಲಗೆ ಕರೆದಳು. "ಹಬೀಬಿ."

ರಾಜು ಬಾಲ ಅಲ್ಲಾಡಿಸಿತು. ತಾನು ರಾಜು ಎಂದು ಕರೆದಾಗ ಇಷ್ಟು ವರ್ಷದಲ್ಲಿ ಅದು ಹಾಗೆ ಅಲ್ಲಾಡಿಸಿದ್ದನ್ನು ವೆಂಕಪ್ಪನವರು ಕಂಡಿರಲಿಲ್ಲ.

ನಶೀದಾ ಕಪಾಟಿನಿಂದ ಒಂದು ಲಕೋಟೆ ತೆಗೆದಳು. ಅದರಲ್ಲಿ ರಾಜುವಿನ ಮೊಣಕಾಲಿನ ಎಕ್ಸ್‌ರೇ ಇತ್ತು, ಕಳೆದ ಗುರುವಾರದ್ದು. ಆ ಗುರುವಾರ ಗಂಡಹೆಂಡತಿ ಸುಬ್ರಹ್ಮಣ್ಯದಲ್ಲಿ ಮದುವೆಗೆ ಹೋಗಿದ್ದರು. ಸಂಜೆ ಬಂದಾಗ ನಾಯಿ ಬೆಳಿಗ್ಗೆ ಬಿಟ್ಟುಹೋದ ಜಾಗದಲ್ಲಿಯೇ ಮಲಗಿತ್ತು.

"ಯಾರು ತಂದದ್ದು?"

"ಹೆಸರು ಹೇಳ್ಲಿಲ್ಲ ಅಂಕಲ್. ಮುಖಕ್ಕೆ ಮಾಸ್ಕ್, ಕೈಗೆ ಮೊಣಕೈವರೆಗೆ ಗ್ಲೌಸ್. ನಾಯಿದ್ದು ಹೆಸರು ಬರೀರಿ, ನನ್ನದು ಬೇಡ ಅಂದ್ರು."

ಡಾಕ್ಟರು ಹೊರಗೆ ಬಂದು ವಿವರಿಸಿದರು. ಹದಿನೆಂಟು ಕಿಲೋದ ನಾಯಿಗೆ ಪ್ಲೇಟೇ ಆಗಬೇಕೆಂದಿಲ್ಲ. ಗಾಳ ಹಾಕುವ ದಾರದಂಥ ದಪ್ಪ ನೈಲಾನಿನಿಂದ ಕೀಲನ್ನು ಹೊರಗಿನಿಂದ ಬಿಗಿದರೂ ಆಗುತ್ತದೆ, ಅದನ್ನು ಇಲ್ಲಿಯೇ ಮಾಡಬಹುದು. ಖರ್ಚು ಇರುವುದು ಆಮೇಲಿನ ಆರೈಕೆಗೆ. ಕಟ್ಟು ಬದಲಿಸಿ, ಕಾಲು ಮಡಿಸಿ ಬಿಡಿಸಿ, ಆರು ವಾರ ನೋಡಿಕೊಳ್ಳಲು ತಿಳಿದವರು ಮನೆಯಲ್ಲಿದ್ದರೆ ಹದಿನೆಂಟು ಸಾವಿರದಲ್ಲಿ ಮುಗಿಯುತ್ತದೆ. ಇಲ್ಲಿ ಇರಿಸಿಕೊಂಡರೆ ಮಂಗಳೂರಿನ ಲೆಕ್ಕಕ್ಕೇ ಹೋಗಿ ನಿಲ್ಲುತ್ತದೆ.

"ಮೊನ್ನೆ ಬಂದವರಿಗೂ ಇದನ್ನೇ ಹೇಳಿದ್ದು," ಎಂದರು ಡಾಕ್ಟರು. "ಆರೈಕೆ ನನಗೆ ಗೊತ್ತುಂಟು, ಆದ್ರೆ ಇದನ್ನು ಇರಿಸ್ಲಿಕ್ಕೆ ನನಗೆ ಮನೆ ಇಲ್ಲ ಅಂತ ಹೇಳಿ ಹೋದ್ರು."

ರಾತ್ರಿ ಗಂಜಿ ಬಡಿಸುವಾಗ ಪೂವಮ್ಮ ಈ ಮಾತನ್ನು ಎರಡು ಸಲ ಹೇಳಿಸಿಕೊಂಡರು. ಆಮೇಲೆ, "ಪಾಪ, ಕುಂಞಿರಾಮನಿಗೆ ಈಗ ಮನೆ ಎಲ್ಲಿ?" ಎಂದು ಸೌಟನ್ನು ಪಾತ್ರೆಗೆ ಹಾಕಿದರು.

ಮರುದಿನ ವೆಂಕಪ್ಪನವರು ರಾಜುವಿಗೆ ಹೊಸ ಹಗ್ಗ ಹಾಕಿ, ಎರಡು ಗಂಟು ಬಿಗಿದು, ಊಟ ಮುಗಿಸಿ ಬಂದರೆ ಹಗ್ಗದ ತುದಿಯಲ್ಲಿ ಬರೀ ಬೆಲ್ಟು ಇತ್ತು. ತೋಡಿನಾಚೆಯಿಂದ ಸದ್ದು ಕೇಳಿಸುತ್ತಿತ್ತು. ರಬ್ಬರು ಎಲೆ ಉದುರಿಸುವ ಕಾಲ. ತರಗೆಲೆಯ ಮೇಲೆ ಚರ್, ಚರ್, ಚರ್. ಮತ್ತೆ ನಾಲ್ಕನೆಯ ಹೆಜ್ಜೆ ಬೀಳಬೇಕಾದಲ್ಲಿ ಒಂದು ಖಾಲಿ ಜಾಗ. ಮತ್ತೆ ಚರ್, ಚರ್, ಚರ್.

ಅವರು ಸದ್ದಿನ ಹಿಂದೆ ಹೋದರು.

ನಡು ಮಧ್ಯಾಹ್ನವಾಗಿತ್ತು, ಬಿಸಿಲು ಧಾರಾಳವಾಗಿ ಬೀಳುತ್ತಿತ್ತು, ಆದರೂ ಆ ತೋಟದಲ್ಲಿ ಬಿಸಿಲಿಗೆ ಬಿಸಿಲಿನ ಗುಣವಿರಲಿಲ್ಲ. ಎಲೆಯಿಲ್ಲದ ಮರಗಳು ಯಾವ ಕಡೆ ನೋಡಿದರೂ ಒಂದೇ ಸಾಲು, ಒಂದೇ ದೂರ. ಪ್ರತಿ ಮರಕ್ಕೂ ಹಾಲು ಹಿಡಿಯುವ ಒಂದೊಂದು ತೆಂಗಿನ ಗೆರಟೆ ಬೋರಲಾಗಿ ಸಿಕ್ಕಿಸಿತ್ತು, ಕಣ್ಣು ಮುಚ್ಚಿಕೊಂಡು ನಿಂತ ಜನರ ಹಾಗೆ. ವೆಂಕಪ್ಪನವರು ನಿಂತರೆ ಅವರ ಹೆಜ್ಜೆಯ ಸದ್ದು ಮಾತ್ರ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ನಿಲ್ಲುತ್ತಿತ್ತು. ತಗ್ಗಿನಲ್ಲಿ ಹೊಗೆಮನೆ ಕಾಣಿಸಿತು. ಎರಡು ವರ್ಷದಿಂದ ಮುಚ್ಚಿದ್ದ ಬಾಗಿಲು ತೆರೆದಿತ್ತು. ಮಾಡಿನ ಹೆಂಚಿನ ಸಂದಿಯಿಂದ ತೆಳ್ಳಗೆ ಹೊಗೆ ಏಳುತ್ತಿತ್ತು. ಒಳಗೆ ಬಿದಿರಿನ ಮೇಲೆ ಸಾಲಾಗಿ ನೇತುಬಿದ್ದ ಹಳದಿ ಶೀಟುಗಳು ಯಾರೋ ಬಿಚ್ಚಿಟ್ಟ ಚರ್ಮದಂತೆ ಮೆಲ್ಲಗೆ ತೂಗುತ್ತಿದ್ದವು.

ಅವುಗಳ ನಡುವಿನಿಂದ ಕೆಮ್ಮು ಕೇಳಿಸಿತು. ಆಮೇಲೆ ದನಿ.

"ಬಾ ಹಬೀಬಿ, ಕಾಲು ಕೊಡು."

ಶೀಟುಗಳು ಸರಿದವು. ಬಿಳಿ ಏಪ್ರನ್, ಮುಖವಿಲ್ಲದ ಮುಖ, ಮೊಣಕೈವರೆಗೆ ಮನುಷ್ಯರದ್ದಲ್ಲದ ನೀಲಿ ಕೈಗಳು. ರಾಜು ತನ್ನ ಕುಂಟುಕಾಲನ್ನು ಆ ಕೈಗೆ ಕೊಟ್ಟು ಆರಾಮವಾಗಿ ಒರಗಿತು.

ಯಾರದು ಎಂದು ಗದರಿಸಬೇಕೆಂದು ವೆಂಕಪ್ಪನವರು ಬಾಯಿ ತೆರೆದರು. ಆದರೆ ಭಯದಲ್ಲಿ ಮನುಷ್ಯನ ಬಾಯಿಗೆ ಬರುವುದು ಅವನು ಹೆಚ್ಚು ಸಲ ಹೇಳಿದ ಮಾತು. ಇಪ್ಪತ್ತೊಂಬತ್ತು ವರ್ಷದ ಗಂಟಲು ತಾನಾಗಿಯೇ ತೆರೆದುಕೊಂಡಿತು.

"ಉಪ್ಪಿನಂಗಡಿ, ಪುತ್ತೂರು, ಬಿ.ಸಿ. ರೋಡು, ಮಂಗಳೂರು. ಪ್ಲಾಟ್‌ಫಾರ್ಮ್ ಒಂದರಲ್ಲಿ ಹೊರಡಲು ಸಿದ್ಧವಾಗಿದೆ."

ಹದಿನೈದು ಎಕರೆ ರಬ್ಬರಿನಲ್ಲಿ ಆ ಪ್ರಕಟಣೆ ಮೊಳಗಿತು. ಏಪ್ರನ್ ಹಾಕಿದ ಆಕೃತಿ "ಯಾ ಅಲ್ಲಾಹ್" ಎಂದು ನಾಯಿಯ ಹಿಂದೆ ಅಡಗಲು ನೋಡಿ, ನಾಯಿ ಸಾಲದೆ ಬಿದಿರನ್ನು ಹಿಡಿಯಿತು. ಬಿದಿರು ಕಳಚಿ ಒಂದು ಸಾಲು ಶೀಟು ಅದರ ತಲೆಯ ಮೇಲೆ ಬಿತ್ತು. ವೆಂಕಪ್ಪನವರು ಓಡಲು ತಿರುಗಿದರು. ಕಾಲು ತಿರುಗಲಿಲ್ಲ. ಅವರು ತರಗೆಲೆಯ ರಾಶಿಯಲ್ಲಿ ಕೂತುಬಿಟ್ಟರು.

ಸ್ವಲ್ಪ ಹೊತ್ತಿನ ಮೇಲೆ ಶೀಟುಗಳ ಅಡಿಯಿಂದ ಐವತ್ತೈದು ದಾಟಿದ ಒಬ್ಬ ಮನುಷ್ಯ ಹೊರಬಂದು, ಮಾಸ್ಕ್ ಇಳಿಸಿ, "ಈ ಜಾಗದಲ್ಲಿ ಪ್ರೇತದ ಉಪದ್ರ ಉಂಟು ಅಂತ ಹೇಳಿದ್ರು, ಬಸ್ಸೂ ಉಂಟು ಅಂತ ಯಾರೂ ಹೇಳ್ಲಿಲ್ಲ ಮಾರಾಯ್ರೆ," ಎಂದರು.

ಹೆಸರು ಶುಕೂರ್. ಆಲಂಕಾರು ಕಡೆಯವರು. ತಿಂಗಳ ಹಿಂದೆ ತೋಟವನ್ನು ಟ್ಯಾಪಿಂಗಿಗೆ ವಹಿಸಿಕೊಂಡು, ಆ ಕಡೆಯ ರಸ್ತೆಯಿಂದ ಬಂದು ಹೊಗೆಮನೆ ರಿಪೇರಿ ಮಾಡಿಸಿ, ಅಟ್ಟದಲ್ಲಿ ಉಳಿದಿದ್ದ ಹಳೇ ಶೀಟು ಒಣಗಿಸುತ್ತಿದ್ದರು. ಕೆಮ್ಮು ಆ ಹೊಗೆಯದ್ದು. ಅದಕ್ಕೂ ಮೊದಲು ಹತ್ತೊಂಬತ್ತು ವರ್ಷ ಗಲ್ಫಿನಲ್ಲಿ ಓಟದ ಒಂಟೆಗಳ ಆಸ್ಪತ್ರೆಯಲ್ಲಿ ಸಹಾಯಕರಾಗಿದ್ದರು. ಒಂಟೆಯ ಮೊಣಕಾಲು ಕಟ್ಟಿದ ಕೈಗೆ ನಾಯಿಯ ಮೊಣಕಾಲು ಏನು ಮಹಾ! ಮೊದಲ ದಿನವೇ ಬಂದು ಪಕ್ಕದಲ್ಲಿ ಕೂತ ನಾಯಿಗೆ ಯಾರೂ ಇಲ್ಲವೆಂದೇ ತಿಳಿದು, ಅರಬರ ಮಾತಿನಲ್ಲಿ 'ನನ್ನ ಮುದ್ದು' ಎಂಬರ್ಥದ ಹಬೀಬಿ ಎಂಬ ಹೆಸರಿಟ್ಟಿದ್ದರು. ಬೆಲ್ಟು ಇತ್ತಲ್ಲ ಎಂದು ವೆಂಕಪ್ಪನವರು ಕೇಳಿದರು. ಇಲ್ಲಿಗೆ ಬರುವಾಗ ಅದು ಬೆಲ್ಟು ಕಳಚಿಟ್ಟು ಬರುತ್ತಿತ್ತು ಎಂದು ಆಗ ಇಬ್ಬರಿಗೂ ತಿಳಿಯಿತು.

"ಹೆಸರು ಯಾಕೆ ಹೇಳ್ಲಿಲ್ಲ ನೀವು?"

"ಸುಳ್ಯದ ಆ ಹುಡುಗಿ ನನ್ನ ಹೆಂಡತಿ ಸುಹರಾಳ ಕಡೆಯವಳು, ಹೇಳಿದ್ರೆ ಸುದ್ದಿ ಮನೆಗೆ ಹೋಗ್ತದೆ. ನಾಯಿ ಮುಟ್ಟಿದ್ರೆ ನಮ್ಮಲ್ಲಿ ಏಳು ಸಲ ತೊಳೀಬೇಕು, ಒಂದು ಸಲ ಮಣ್ಣು ಹಾಕಿ. ನಾನು ಗ್ಲೌಸ್ ಹಾಕ್ತೇನೆ, ತೊಳೀತೇನೆ, ನನಗೆ ಕಷ್ಟ ಇಲ್ಲ. ಆದ್ರೆ ಇದನ್ನು ಮನೆಗೆ ಕೊಂಡೋದ್ರೆ ಅವಳು ನನ್ನನ್ನೇ ಹೊರಗೆ ಕಟ್ಟಿಯಾಳು." ಶುಕೂರ್ ನಾಯಿಯ ಕಾಲಿನ ಸುತ್ತನ್ನು ಸರಿಮಾಡಿದರು. ಮತ್ತೆ ಹೇಳಿದರು. "ಅಲ್ಲಿ ಕಾಲು ಹೋದ ಒಂಟೆಗಳು ಮರುದಿನ ಇರ್ತಿರ್ಲಿಲ್ಲ. ಕೇಳುದು ನಮ್ಮ ಕೆಲಸ ಅಲ್ಲ. ಇದೊಂದಾದ್ರೂ ನಡೀಲಿ ಅಂತ ಕಂಡಿತು."

ಮೂರು ತಾಲೂಕು ಬಲ್ಲ ತನಗೆ ತೋಡಿನಾಚೆಯ ಈ ಮನುಷ್ಯ ತಿಂಗಳಿಂದ ಗೊತ್ತಿರಲಿಲ್ಲವಲ್ಲ ಎಂದು ವೆಂಕಪ್ಪನವರ ಕಿವಿ ಬಿಸಿಯಾಯಿತು. ಕೊನೆಗೆ, "ನಮ್ಮ ಕೊಟ್ಟಿಗೆ ಖಾಲಿ ಉಂಟು," ಎಂದರು.

ಅಷ್ಟಕ್ಕೆ ವಿಷಯ ಮುಗಿಯಿತು. ಒಬ್ಬರಿಗೆ ಆರೈಕೆ ಗೊತ್ತಿತ್ತು, ಇನ್ನೊಬ್ಬರಿಗೆ ಜಾಗವಿತ್ತು. ಸುಳ್ಯದ ಡಾಕ್ಟರು ಇಬ್ಬರನ್ನೂ ಒಟ್ಟಿಗೆ ಕಂಡು ಏನೂ ಕೇಳದೆ ದಿನ ಕೊಟ್ಟರು. ಆಪರೇಷನ್ ಆಯಿತು. ಆರು ವಾರ ಶುಕೂರ್ ದಿನವೂ ತೋಡು ದಾಟಿ ಬಂದು, ಗ್ಲೌಸ್ ಹಾಕಿ, ಕಾಲು ಮಡಿಸಿ ಬಿಡಿಸಿ, ಏಳು ಸಲ ಕೈ ತೊಳೆದು, ಪೂವಮ್ಮನ ಚಾ ಕುಡಿದು ಹೋದರು. ನಾಯಿಗೆ ಅಂಗಳಕ್ಕೂ ಬಿಡುಗಡೆ ಇರಲಿಲ್ಲ. ವೆಂಕಪ್ಪನವರು ಪೇಟೆಗೆ ಹೋಗುವುದನ್ನೂ ಬಿಟ್ಟು ಕೊಟ್ಟಿಗೆಯಲ್ಲಿ ಪೇಪರ್ ಓದಿಕೊಂಡು ಕಾವಲು ಕೂತರು.

ಡಾಕ್ಟರು ಒಪ್ಪಿಗೆ ಕೊಟ್ಟ ಬೆಳಿಗ್ಗೆ ಕೊಟ್ಟಿಗೆಯ ಬಾಗಿಲು ತೆರೆದರು. ನಾಯಿ ಎದ್ದು ಮೈ ಕೊಡವಿತು. ಒಂದು, ಎರಡು, ಮೂರು. ನಾಲ್ಕನೆಯ ಕಾಲೂ ನೆಲಕ್ಕೆ ತಾಗಿತು. ಪೂವಮ್ಮ ಸೆರಗಿನಿಂದ ಮೂಗು ಒರೆಸಿಕೊಂಡರು. "ರಾಜು," ಎಂದು ವೆಂಕಪ್ಪನವರು ಬಲಗಡೆಯಿಂದ ಕರೆದರು. "ಹಬೀಬಿ," ಎಂದು ಶುಕೂರ್ ಎಡಗಡೆಯಿಂದ ಕರೆದರು. ಅದು ಇಬ್ಬರ ನಡುವಿನಿಂದ ನೇರವಾಗಿ ನಡೆದು, ತೋಡಿನ ದಂಡೆ ಹಿಡಿದು, ಇಬ್ಬರೂ ಎಂದೂ ಹೋಗದ ಮೇಲಿನ ಓಣಿಗೆ ಏರಿತು. ಇಬ್ಬರೂ ಹಿಂದೆ ಹೋದರು. ಓಣಿಯ ಕೊನೆಗೆ ಒಂದು ಹೆಂಚಿನ ಕೋಣೆ, ಒಳಗೆ ಹೊಲಿಗೆ ಮೆಷಿನಿನ ಸದ್ದು. ನಾಯಿ ಹೊಸ್ತಿಲಲ್ಲಿ ಕೂತೊಡನೆ ಮೆಷಿನು ನಿಂತಿತು.

"ಬಂದ್ಯಾ ಮೋಹನ?" ಎಂದಿತು ಒಂದು ಹೆಣ್ಣುದನಿ.

ಹೊರಗೆ ಬಂದವರು ಶರ್ಮಿಳಾ ಎಂಬ ಟೈಲರ್. ಕುತ್ತಿಗೆಯಲ್ಲಿ ಅಳತೆಯ ಟೇಪು, ಕೈಯಲ್ಲಿ ಕತ್ತರಿ. ಒಂದೂವರೆ ತಿಂಗಳಿಂದ ಕಂಬ ಕಂಬಕ್ಕೆ ಫೋಟೋ ಅಂಟಿಸಿ ಹುಡುಕಿದ್ದೇನೆ ಎಂದು ಅವರು ನಾಯಿಯ ಕುತ್ತಿಗೆ ತಬ್ಬಿಕೊಂಡರು. ಬೆನ್ನು ಸವರಿದರು, ಹೊಟ್ಟೆ ಸವರಿದರು, ಹಿಂಗಾಲಿಗೆ ಬಂದು ಕೈ ನಿಂತಿತು. ರೋಮ ಬೋಳಿಸಿದ ಜಾಗವನ್ನೂ ಹೊಲಿಗೆಯ ಗುರುತನ್ನೂ ಹೊಲಿಗೆ ಬಲ್ಲ ಕಣ್ಣಿನಿಂದ ಬಹಳ ಹೊತ್ತು ನೋಡಿದರು. ಮತ್ತೆ ಕತ್ತರಿ ಹಿಡಿದುಕೊಂಡೇ ಎದ್ದು ನಿಂತರು.

"ನಮ್ಮ ನಾಯಿಯನ್ನು ಇಷ್ಟು ದಿನ ಕಟ್ಟಿ ಹಾಕಿ ಇದರ ಕಾಲು ಕೊಯ್ದದ್ದು ನಿಮ್ಮಲ್ಲಿ ಯಾರು?"

ವೆಂಕಪ್ಪನವರು ಶುಕೂರ್ ಕಡೆ ತಿರುಗಿದರು. ಶುಕೂರ್ ಆಗಲೇ ಓಣಿ ಇಳಿದು ತೋಡು ದಾಟುತ್ತಿದ್ದರು.